ಕಾಯಿತುರಿ ಪಕ್ಕದ ಕಲ್ಲುಗಳು

ಅವ್ವ ರಾಯಚೂರಿನಿಂದ ಬಂದ ಮೂರನೇ ದಿನಕ್ಕೇ ಸಿಕ್ಕಿಬಿದ್ದೆ. ಕಾಯಿತುರಿ ತೆಗೆಯೋಕೆ ಅಂತ ಗರಾಜಿನ ಫ್ರೀಜರ್ ತೆರೆದಿದ್ದಾಳೆ. ಪಕ್ಕದಲ್ಲೇ ನಾಲ್ಕು ಐಸ್‌ಕ್ರೀಮ್ ಡಬ್ಬಿ. ಒಳಗೆ ನೀರಿನ ಸಮೇತ ಹೆಪ್ಪುಗಟ್ಟಿದ ಗುಂಡುಕಲ್ಲುಗಳು.

"ಏ ತಮ್ಮ, ಇದರಾಗ ಕಲ್ಲು ಯಾಕ ಇಟ್ಟೀಯೋ? ಅಡಗಿ ಮಾಡ್ತೀಯೇನು?"

ಅಡುಗೆ ಅಂತಲೇ ಅಂದುಕೊಳ್ಳಿ. ಈ ಕಲ್ಲುಗಳ ಒಳಗೆ ಫಾಸಿಲ್, ಅಂದರೆ ಕೋಟ್ಯಂತರ ವರ್ಷ ಹಿಂದಿನ ಎಲೆಗಳ ಅಚ್ಚು, ಇರಬಹುದು. ಒಂದೊಂದು ಕಲ್ಲು ಬೇಯೋಕೆ ವರ್ಷ ಹಿಡಿಯುತ್ತದೆ, ಅಷ್ಟೇ.

ನಾನಿರುವುದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ಕಾರಿನಲ್ಲಿ ದಕ್ಷಿಣಕ್ಕೆ ಸುಮಾರು ಒಂದು ಗಂಟೆ ಹೋದರೆ ಬ್ರೈಡ್‌ವುಡ್. ಪಕ್ಕದ ಊರಿನ ಹೆಸರೇ ಕೋಲ್ ಸಿಟಿ. ಇಲ್ಲಿ ಕಲ್ಲಿದ್ದಲಿಗಾಗಿ ಮೇಲಿನ ಮಣ್ಣನ್ನೆಲ್ಲ ಬಗೆದು ಗುಡ್ಡೆ ಹಾಕಿದ್ದರು. ಗಣಿ ಮುಚ್ಚಿದ ಮೇಲೆ ಹಳ್ಳಗಳು ಕೆರೆಗಳಾದವು, ಗುಡ್ಡೆಗಳ ಮೇಲೆ ಗಿಡ ಬೆಳೆಯಿತು. ಒಂದು ಭಾಗ ಈಗ ಮಝೋನಿಯಾ-ಬ್ರೈಡ್‌ವುಡ್ ಅನ್ನೋ ಸರ್ಕಾರಿ ವನ್ಯಜೀವಿ ಪ್ರದೇಶ. ಪರ್ಮಿಟ್ ತಗೊಂಡು ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಇಲ್ಲಿ ಫಾಸಿಲ್ ಆರಿಸಬಹುದು. ನಾನು ಹೋಗೋದು ಏಪ್ರಿಲ್‌ನಲ್ಲಿ. ಆಗ ಮಳೆಗೆ ಮಣ್ಣು ತೊಳೆದು ಕಲ್ಲುಗಳು ಮೇಲೆ ಬಂದಿರುತ್ತವೆ, ಹುಲ್ಲು ಇನ್ನೂ ಎದ್ದಿರುವುದಿಲ್ಲ. ಜೂನ್‌ನಲ್ಲಿ ಒಮ್ಮೆ ಹೋಗಿ, ಕಲ್ಲಿಗಿಂತ ಉಣ್ಣೆಹುಳಗಳನ್ನೇ ಜಾಸ್ತಿ ಮನೆಗೆ ತಂದಿದ್ದೆ.

ಹುಡುಕಬೇಕಾದದ್ದು ತುಕ್ಕಿನ ಬಣ್ಣದ, ಸ್ವಲ್ಪ ಚಪ್ಪಟೆಯಾದ ಆಲೂಗಡ್ಡೆಯಂಥ ಕಲ್ಲು. ಸುಮಾರು 30 ಕೋಟಿ 90 ಲಕ್ಷ ವರ್ಷದ ಹಿಂದೆ ನಾವಿರುವ ಈ ಇಲಿನಾಯ್ ರಾಜ್ಯ ಭೂಮಧ್ಯರೇಖೆಯ ಹತ್ತಿರ ಇತ್ತು. ಕೆಸರುಕಾಡು. ಸಮುದ್ರ ಏರಿ ಬಂದು ಕಾಡು ಮುಳುಗಿತು, ನದಿಗಳು ತಂದ ಹೂಳು ಎಲೆಗಳನ್ನು ಬೇಗಬೇಗ ಮುಚ್ಚಿತು. ಎಲೆ ಕೊಳೆಯತೊಡಗಿದಾಗ ಅದರ ಸುತ್ತ ಕಬ್ಬಿಣದ ಕಾರ್ಬೊನೇಟ್ ಕಟ್ಟಿ, ಮಣ್ಣು ಅಲ್ಲಲ್ಲೇ ಗಟ್ಟಿಯಾಯಿತು. ಈ ಖನಿಜದ ಹೆಸರು ಸಿಡೆರೈಟ್. ಮೇಲಿನ ಭಾರಕ್ಕೆ ಎಲೆ ಅಪ್ಪಚ್ಚಿಯಾಗೋ ಮೊದಲೇ ಕಲ್ಲಿನ ಡಬ್ಬಿ ರೆಡಿ! ಕೆಳಗಿನ ಕಾಡು ಕಲ್ಲಿದ್ದಲಾಯಿತು. ಗಣಿಯವರಿಗೆ ಬೇಕಾದದ್ದು ಅದು. ನನಗೆ ಬೇಕಾದದ್ದು ಅವರು ಪಕ್ಕಕ್ಕೆ ಎಸೆದದ್ದು.

ಮೊದಲ ವರ್ಷ ಸುತ್ತಿಗೆಯಿಂದ ಒಡೆದೆ. ದೊಡ್ಡ ತಪ್ಪು. ಸುತ್ತಿಗೆ ತನಗೆ ಬೇಕಾದ ಕಡೆ ಒಡೆಯುತ್ತದೆ, ಎಲೆ ಇರುವ ಕಡೆ ಅಲ್ಲ. ಒಂದು ಒಳ್ಳೇ ಎಲೆಯನ್ನು ಮೂರು ತುಂಡು ಮಾಡಿದ ಮೇಲೆ ಬುದ್ಧಿ ಬಂತು. ಈಗ ಕಲ್ಲನ್ನು ವಾರಗಟ್ಟಲೆ ನೀರಲ್ಲಿ ನೆನೆಸುತ್ತೇನೆ. ಎಲೆಯ ಸೀಳಿನಲ್ಲಿ ನೀರು ಇಳಿಯುತ್ತದೆ. ಫ್ರೀಜರ್‌ಗೆ ಹಾಕಿದರೆ ನೀರು ಹಿಗ್ಗಿ, ಕಲ್ಲನ್ನು ಒಳಗಿನಿಂದ ಒತ್ತುತ್ತದೆ. ಆಮೇಲೆ ಕರಗಿಸು, ಮತ್ತೆ ನೆನೆಸು, ಮತ್ತೆ ಹೆಪ್ಪುಗಟ್ಟಿಸು. ಕೆಲವು ಐದನೇ ಸಲಕ್ಕೆ ಬಾಯಿ ಬಿಡುತ್ತವೆ. ನಲವತ್ತು ಸಲವಾದರೂ ಜಪ್ಪಯ್ಯ ಅನ್ನದ ಒಂದು ಕಲ್ಲಿದೆ. ಅದಕ್ಕೆ ನನ್ನ ಹೆಂಡತಿ ನನ್ನ ಹೆಸರೇ ಇಟ್ಟಿದ್ದಾಳೆ.

ಹೋದ ವರ್ಷ ತಂದ 62 ಕಲ್ಲಿನಲ್ಲಿ ಈವರೆಗೆ ತೆರೆದುಕೊಂಡದ್ದು 23. ಹದಿನೈದು ಪೂರ್ತಿ ಖಾಲಿ. ಇಲ್ಲಿ ಎಲ್ಲರಿಗೂ ಟುಲ್ಲಿ ಮಾನ್‌ಸ್ಟರ್ ಸಿಗಬೇಕು ಅಂತ ಆಸೆ. ಅದು ಸೊಂಡಿಲಿನಂಥ ಮೂತಿಯ ವಿಚಿತ್ರ ಜೀವಿ, 1989ರಿಂದ ಇಲಿನಾಯ್‌ನ ಅಧಿಕೃತ ಫಾಸಿಲ್. ಸಿಕ್ಕರೆ ಬೇಡ ಅನ್ನಲ್ಲ. ಆದರೆ ನನಗೆ ಜರೀಗಿಡಗಳೇ (ಫರ್ನ್) ಸಾಕು.

ಜರೀಗಿಡ ಅಂದೆ, ಅಲ್ವಾ? ಅದರಲ್ಲೂ ಒಂದು ಮೋಸ ಇದೆ. ನನ್ನ ಹತ್ತಿರ ಇರೋದರಲ್ಲಿ ಅತಿ ಚಂದದ್ದು ಮ್ಯಾಕ್ರೋನ್ಯೂರಾಪ್ಟೆರಿಸ್, ನಾಲಿಗೆ ಆಕಾರದ ಎಲೆ. ಭೂತಗನ್ನಡಿ ಹಿಡಿದರೆ ಅದರ ಮೇಲಿನ ಕೂದಲೂ ಕಾಣುತ್ತದೆ. ನೋಡಲು ಜರೀಗಿಡವೇ. ಆದರೆ ಇಂಥ ಎಷ್ಟೋ ಗಿಡಗಳು ಬೀಜ ಬಿಡುತ್ತಿದ್ದವು, ನಿಜವಾದ ಜರೀಗಿಡಕ್ಕೆ ಬೀಜವೆಲ್ಲಿ? 1903ರಲ್ಲಿ ಆಲಿವರ್ ಮತ್ತು ಸ್ಕಾಟ್ ಎಂಬ ಇಬ್ಬರು ಸಸ್ಯವಿಜ್ಞಾನಿಗಳು, ಬ್ರಿಟನ್ನಿನ ಕಲ್ಲಿದ್ದಲಿನಲ್ಲಿ ಸಿಕ್ಕ ಬೇರೊಂದು ಗಿಡದಲ್ಲಿ ಇದನ್ನು ತೋರಿಸಿಕೊಟ್ಟರು. ಬಿಡಿಯಾಗಿ ಸಿಕ್ಕಿದ್ದ ಬೀಜದ ಹೊದಿಕೆಯ ಮೇಲೆ ಪುಟ್ಟ ಗ್ರಂಥಿಗಳಿದ್ದವು. ಅದೇ ಗ್ರಂಥಿಗಳು ಆ 'ಜರೀಗಿಡ'ದ ಮೇಲೂ ಇದ್ದವು. ಬೀಜ ಯಾರದು ಅಂತ ಗುರುತು ಸಿಕ್ಕಿತು. ಪತ್ತೇದಾರಿ ಅಂದರೆ ಇದು!

ಅವ್ವನಿಗೆ ಇದನ್ನೆಲ್ಲ ಹೇಳುವಾಗ ಶಕ್ತಿನಗರದ ಮಾತು ಬಂತು. ಅಪ್ಪ ಕೆಲಸ ಮಾಡಿದ್ದು ಅಲ್ಲಿನ ಆರ್‌ಟಿಪಿಎಸ್‌ನಲ್ಲಿ, ಅಂದರೆ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ರಾಯಚೂರಿನ ಸ್ಥಾವರದಲ್ಲಿ. ತೆಲಂಗಾಣದ ಸಿಂಗರೇಣಿ ಗಣಿಗಳ ಕಲ್ಲಿದ್ದಲು ತರುವ ವ್ಯಾಗನ್‌ಗಳನ್ನು ಎಣಿಸುತ್ತಾ ಬೆಳೆದವನು ನಾನು. ಆ ಕಲ್ಲಿದ್ದಲು ಇಲ್ಲಿಯದಕ್ಕಿಂತ ಚಿಕ್ಕ ವಯಸ್ಸಿನದು. ಇಲಿನಾಯ್‌ನಲ್ಲಿ ಕೆಸರುಕಾಡು ಇದ್ದಾಗ ನಮ್ಮ ನೆಲ ದೂರದ ದಕ್ಷಿಣದಲ್ಲಿ, ಹಿಮದ ಸೀಮೆಯಲ್ಲಿತ್ತು. ಹಿಮ ಕರಗಿದ ಮೇಲೆ ಗ್ಲಾಸಾಪ್ಟೆರಿಸ್ ಅನ್ನೋ ಮರಗಳ ಕಾಡು ಬಂತು, ಅದೇ ಆಮೇಲೆ ಆ ಕಲ್ಲಿದ್ದಲಾಯಿತು. ರಾಯಚೂರಿನಾಗ ಹಿಮ ಅಂದರೆ ಅವ್ವ ನಗದೆ ಇರ್ತಾಳಾ?

ಮೊನ್ನೆ ಭಾನುವಾರ ಡಬ್ಬಿ ಕರಗಿಸಿ, ಒಂದು ಕಲ್ಲನ್ನು ಅವಳ ಕೈಗೆ ಕೊಟ್ಟೆ. ಸುಮ್ನೆ ಮೆಲ್ಲಗೆ ತಟ್ಟು ಅಂದೆ. ಎರಡನೇ ಏಟಿಗೆ ಹೋಳಾಯಿತು. ಪೆಕಾಪ್ಟೆರಿಸ್, ಈ ಸಲ ನಿಜವಾದ ಜರೀಮರದ ಎಲೆ. ನಡುವಿನ ದಂಟು, ಎರಡೂ ಕಡೆ ಒತ್ತೊತ್ತಾಗಿ ಪುಟ್ಟ ಎಲೆಗಳು.

ಅವ್ವ ಕನ್ನಡಕ ಏರಿಸಿ ನೋಡಿದಳು. "ಹುಣಸಿ ಚಿಗುರು ಇದ್ದಂಗ ಐತಿ ನೋಡು."

ಕಾಯಿತುರಿ ಈಗ ಅಡುಗೆಮನೆ ಫ್ರಿಜ್‌ಗೆ ಹೋಗಿದೆ. ಅವಳೇ ಸಾಗಿಸಿದ್ದು. ಗರಾಜಿನಲ್ಲಿ ಇನ್ನೆರಡು ಡಬ್ಬಿಗೆ ಜಾಗ ಆಯಿತು.