ಅಪ್ಪಯ್ಯನ ಮಾತ್ರೆ ಮತ್ತು ಐದು ನಿಮಿಷ ಬದುಕುವ ಪ್ರೋಟೀನು

ಹೋದ ಮಳೆಗಾಲದಲ್ಲಿ ಅಪ್ಪಯ್ಯನ ಹಿಮೋಗ್ಲೋಬಿನ್ 8.4ಕ್ಕೆ ಇಳಿದಿತ್ತು. ಡೊಂಬಿವಿಲಿ ಸ್ಟೇಷನ್ನಿನ ಬ್ರಿಡ್ಜ್ ಹತ್ತುವಾಗ ಎರಡು ಸಲ ಕಂಬಿ ಹಿಡಿದು ನಿಂತರು. ಮಾಟುಂಗದ ಹೋಟೆಲೊಂದರಲ್ಲಿ 32 ವರ್ಷ ಕಾವಲಿ ಮುಂದೆ ನಿಂತು ದೋಸೆ ಹುಯ್ದವರು ಅವರು. ಹೀಗೆ ಏದುಸಿರು ಬಿಟ್ಟಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಕಿಡ್ನಿ ತೊಂದರೆ ಮೂರು ವರ್ಷದಿಂದ ಇದೆ. ಕಿಡ್ನಿ ಸೋತರೆ ರಕ್ತ ಯಾಕೆ ಕಡಿಮೆಯಾಗಬೇಕು ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ಕಿಡ್ನಿ ರಕ್ತ ಸೋಸುವುದಷ್ಟೇ ಅಲ್ಲ, ಎರಿತ್ರೋಪೊಯೆಟಿನ್ ಅನ್ನುವ ಹಾರ್ಮೋನನ್ನೂ ಮಾಡುತ್ತದೆ. ಮೂಳೆ ಮಜ್ಜೆಗೆ ಕೆಂಪು ಕಣ ಮಾಡು ಅಂತ ಹೇಳುವುದು ಈ ಹಾರ್ಮೋನೇ. ಅದು ಕಡಿಮೆಯಾದರೆ ಎಷ್ಟು ಬೀಟ್ರೂಟ್ ತಿಂದರೂ ಸಾಕಾಗುವುದಿಲ್ಲ. ಮೊದಲು ಆ ಹಾರ್ಮೋನಿನ ಇಂಜೆಕ್ಷನ್ ಕೊಡುತ್ತಿದ್ದರು. ಆಮೇಲೆ ಡಾಕ್ಟರ್ ಮಾತ್ರೆಗೆ ಬದಲಾಯಿಸಿದರು. ಡೆಸಿಡುಸ್ಟಾಟ್, ವಾರಕ್ಕೆ ಮೂರು ಸಲ. ನಮ್ಮ ದೇಶದ ಜೈಡಸ್ ಕಂಪನಿ ಕಂಡುಹಿಡಿದಿದ್ದು, 2022ರಲ್ಲಿ ಇಲ್ಲಿ ಒಪ್ಪಿಗೆ ಸಿಕ್ಕಿತು.

ಹಾರ್ಮೋನೇ ಇಲ್ಲದ ಮಾತ್ರೆ ಹಾರ್ಮೋನನ್ನು ಹೇಗೆ ಹೆಚ್ಚಿಸುತ್ತದೆ? ನಾನು ಬಯೋಕೆಮಿಸ್ಟ್ರಿ ಓದಿದವಳು. ಇಪ್ಪತ್ತು ವರ್ಷದ ಹಿಂದೆ ಓದಿದ್ದು. ಮತ್ತೆ ಪುಸ್ತಕ ತೆಗೆದೆ, ರಾತ್ರಿ ಎಲ್ಲ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಓದಿದೆ. ಓದುತ್ತ ಹೋದಂತೆ ಮೈ ಜುಮ್ಮೆಂದಿತು.

ನಮ್ಮ ಜೀವಕೋಶಗಳಲ್ಲಿ ಹಿಫ್ ಅನ್ನುವ ಪ್ರೋಟೀನು ಇದೆ. ಆಮ್ಲಜನಕ ಕಡಿಮೆಯಾದಾಗ ಏನು ಮಾಡಬೇಕು ಅಂತ ಜೀನುಗಳಿಗೆ ಹೇಳುವುದು ಇದರ ಕೆಲಸ. ಎರಿತ್ರೋಪೊಯೆಟಿನ್ ಮಾಡು ಅಂತ ಹೇಳುವುದೂ ಇದೇ. ಆಮ್ಲಜನಕ ಸಾಕಷ್ಟು ಇದ್ದಾಗ ಅದು ಬೇಕಾಗಿಲ್ಲ, ಅಲ್ವಾ? ಆದರೂ ಕೋಶ ಅದನ್ನು ಮಾಡುತ್ತಲೇ ಇರುತ್ತದೆ. ಮಾಡಿದ ಕೂಡಲೇ ಒಡೆಯುತ್ತದೆ. ಸುಮಾರು ಐದು ನಿಮಿಷದಲ್ಲಿ ಅರ್ಧದಷ್ಟು ಹೋಗಿಬಿಡುತ್ತದೆ, ಮತ್ತೆ ಹೊಸದು ಬರುತ್ತದೆ, ಅದನ್ನೂ ಒಡೆಯುತ್ತದೆ, ಹುಟ್ಟಿದಾಗಿನಿಂದ ಸಾಯುವವರೆಗೂ ಹೀಗೇ.

ಇದನ್ನು ಅಪ್ಪಯ್ಯನಿಗೆ ಹೇಳಿದೆ. "ಎಂತಕ್ಕೆ ಮಾಡೂದು, ಎಂತಕ್ಕೆ ಒಡೆಯೂದು?" ಅಂದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: "ಕಾವಲಿ ಆರೂಕೆ ಬಿಡೂಕಾಗ ಮಗಾ."

ಮಧ್ಯಾಹ್ನ ಮೂರು ಗಂಟೆಗೆ ಒಬ್ಬ ಗಿರಾಕಿಯೂ ಇಲ್ಲದಿದ್ದರೂ ಹೋಟೆಲಿನಲ್ಲಿ ಕಾವಲಿ ಕಾದೇ ಇರುತ್ತದೆ. ಗ್ಯಾಸ್ ಉರಿಯುತ್ತಲೇ ಇರುತ್ತದೆ, ಆಗಾಗ ನೀರು ಚಿಮುಕಿಸಿ ಹಿಡಿಗಡ್ಡಿಯಲ್ಲಿ ಗುಡಿಸುತ್ತಿರಬೇಕು. ಗಿರಾಕಿ ಬಂದ ಮೇಲೆ ಒಲೆ ಹಚ್ಚಿದರೆ ಅವನು ಎದ್ದು ಹೋಗುತ್ತಾನೆ. ಕೋಶದ ಲೆಕ್ಕವೂ ಅದೇ. ಉಸಿರು ಕಡಿಮೆಯಾದ ಮೇಲೆ ಜೀನು ಓದಿ ಹೊಸದಾಗಿ ಪ್ರೋಟೀನು ಕಟ್ಟಲು ಹೊತ್ತು ಬೇಕು. ಒಡೆಯುವುದನ್ನು ನಿಲ್ಲಿಸಿದರೆ ಸಾಕು, ಹಿಫ್ ನಿಮಿಷಗಳಲ್ಲಿ ತುಂಬಿಕೊಳ್ಳುತ್ತದೆ.

ಈ ಒಡೆಯುವ ಕೆಲಸವೇ ನನಗೆ ತುಂಬ ಇಷ್ಟ. ಯುಬಿಕ್ವಿಟಿನ್ ಅಂತ ಒಂದು ಪುಟ್ಟ ಪ್ರೋಟೀನು, ಬರೀ 76 ಅಮೈನೋ ಆಮ್ಲದ್ದು. ಯಾವ ಪ್ರೋಟೀನನ್ನು ಒಡೆಯಬೇಕೋ ಅದಕ್ಕೆ ಇದನ್ನು ಚೀಟಿಯ ಹಾಗೆ ಅಂಟಿಸುತ್ತಾರೆ. ಅಂಟಿಸುವುದಕ್ಕೆ ಒಂದರ ಹಿಂದೆ ಒಂದು ಮೂರು ಕಿಣ್ವಗಳು. ಮೂರನೆಯದು ಜಾಸ್ತಿ ಮುಖ್ಯ, ಯಾರಿಗೆ ಅಂಟಿಸಬೇಕು ಅಂತ ಗುರುತಿಸುವುದು ಅದು. ಅಂಥವು ನಮ್ಮಲ್ಲಿ 600ಕ್ಕೂ ಹೆಚ್ಚು ಬಗೆ ಇವೆ. ಚೀಟಿಗಳ ಸರಪಳಿ ಬಿದ್ದ ಪ್ರೋಟೀನು ಪ್ರೋಟಿಯಾಸೋಮ್ ಅನ್ನುವ ಪೀಪಾಯಿಯೊಳಗೆ ಹೋಗುತ್ತದೆ. ನಾಲ್ಕು ಉಂಗುರ ಒಂದರ ಮೇಲೊಂದು, ಒಂದೊಂದರಲ್ಲೂ ಏಳು ತುಂಡು. ಕತ್ತರಿ ಇರುವುದು ಒಳಗಡೆ, ಬಾಯಿ ಚಿಕ್ಕದು. ಚೀಟಿ ಇಲ್ಲದವರು ಸುಮ್ನೆ ಒಳಗೆ ನುಗ್ಗುವ ಹಾಗಿಲ್ಲ. ಚೀಟಿಯನ್ನು ಮಾತ್ರ ಬಿಡಿಸಿ ಮತ್ತೆ ಬಳಸುತ್ತಾರೆ.

ಇದಕ್ಕೆ 2004ರಲ್ಲಿ ನೊಬೆಲ್ ಬಂತು. ಇಸ್ರೇಲಿನ ಅವ್ರಾಮ್ ಹೆರ್ಷ್ಕೊ, ಆರನ್ ಸಿಚನೋವರ್, ಅಮೆರಿಕದ ಇರ್ವಿನ್ ರೋಸ್. ಅವರು ಕೆಲಸ ಮಾಡಿದ್ದು ಮೊಲದ ಎಳೆಯ ಕೆಂಪು ರಕ್ತಕಣಗಳ ರಸದ ಮೇಲೆ! ಅಪ್ಪಯ್ಯನಲ್ಲಿ ಕಡಿಮೆಯಾಗಿರುವುದೂ ಅದೇ ಜಾತಿಯ ಕಣ. ಇದನ್ನು ಓದಿ ನಾನು ಪುಸ್ತಕ ಮುಚ್ಚಿ ಒಂದು ನಿಮಿಷ ಸುಮ್ಮನೆ ಕೂತೆ.

ಇನ್ನು ಹಿಫ್‌ಗೆ ಆಮ್ಲಜನಕ ಇದೆ ಅಂತ ಗೊತ್ತಾಗುವುದು ಹೇಗೆ? ಒಂದು ಕಿಣ್ವ ಆಮ್ಲಜನಕವನ್ನೇ ತೆಗೆದುಕೊಂಡು ಹಿಫ್ ಮೇಲೆ ಎರಡು ಜಾಗದಲ್ಲಿ ಗುರುತು ಹಾಕುತ್ತದೆ. ಆ ಗುರುತು ನೋಡಿ ವಿಎಚ್‌ಎಲ್ ಅನ್ನುವ ಪ್ರೋಟೀನು ಬಂದು ಹಿಡಿಯುತ್ತದೆ, ಚೀಟಿ ಬೀಳುತ್ತದೆ. ಆಮ್ಲಜನಕ ಇಲ್ಲದಿದ್ದರೆ ಗುರುತಿಲ್ಲ. ಗುರುತಿಲ್ಲದಿದ್ದರೆ ಚೀಟಿಯಿಲ್ಲ. 2001ರಲ್ಲಿ ಕೇಲಿನ್ ಮತ್ತು ರ್‍ಯಾಟ್‌ಕ್ಲಿಫ್ ಅನ್ನುವ ವಿಜ್ಞಾನಿಗಳ ತಂಡಗಳು ಇದನ್ನು ಬೇರೆ ಬೇರೆಯಾಗಿ ತೋರಿಸಿದವು. ಹಿಫ್ ಕಂಡುಹಿಡಿದ ಸೆಮೆಂಜಾ ಜೊತೆ 2019ರ ನೊಬೆಲ್ ಇವರಿಬ್ಬರಿಗೂ ಬಂತು.

ಆ ಕಿಣ್ವಕ್ಕೆ ಆಮ್ಲಜನಕದ ಜೊತೆ ಕಬ್ಬಿಣ ಬೇಕು, ಆಕ್ಸೋಗ್ಲುಟರೇಟ್ ಅನ್ನುವ ಅಣುವೂ ಬೇಕು. ಈ ಅಣು ಬರುವುದು ಕೋಶದೊಳಗೆ ಶಕ್ತಿ ಮಾಡುವ ಮೈಟೊಕಾಂಡ್ರಿಯಾದಲ್ಲಿ ಅನ್ನ ಉರಿಯುವ ಚಕ್ರದಿಂದ. ಅಂದರೆ ಒಡೆಯುವ ಕೆಲಸಕ್ಕೂ ಉಸಿರಾಟಕ್ಕೂ ನೇರ ನಂಟು. ಡೆಸಿಡುಸ್ಟಾಟ್ ಹೋಗಿ ಕೂರುವುದು ಆ ಅಣುವಿನ ಜಾಗದಲ್ಲೇ. ಕಿಣ್ವಕ್ಕೆ ಗುರುತು ಹಾಕಲು ಆಗುವುದಿಲ್ಲ, ಹಿಫ್ ಉಳಿಯುತ್ತದೆ, ಅಪ್ಪಯ್ಯನ ಮೈಯೇ ಹಾರ್ಮೋನು ಮಾಡಲು ಶುರುಮಾಡುತ್ತದೆ. ಮುಂಬಯಿಯಲ್ಲಿ ಕೂತೇ ಬೆಟ್ಟದ ಮೇಲಿರುವ ಹಾಗೆ ಮೈಗೆ ಅನ್ನಿಸುವುದು.

ನಾವು ಎಳೆದುಕೊಂಡು ಬಳಸುವ ಆಮ್ಲಜನಕದ ಬಹುಪಾಲು ಹೋಗುವುದು ಮೈಟೊಕಾಂಡ್ರಿಯಾದ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಅನ್ನುವ ಕಿಣ್ವಯಂತ್ರಕ್ಕೆ. ಅಲ್ಲಿ ಅದು ನೀರಾಗುತ್ತದೆ. ಉಸಿರು ಕಮ್ಮಿಯಾದಾಗ ಹಿಫ್ ಅಲ್ಲಿಗೂ ಕೈ ಹಾಕುತ್ತದೆ. ಆ ಯಂತ್ರದ ಒಂದು ಭಾಗವನ್ನು ಲಾನ್ ಅನ್ನುವ ಇನ್ನೊಂದು ಒಡೆಯುವ ಕಿಣ್ವದಿಂದ ಒಡೆಸಿ, ಅದರ ಜಾಗಕ್ಕೆ ಕಡಿಮೆ ಆಮ್ಲಜನಕಕ್ಕೆ ಒಗ್ಗುವ ಬೇರೆ ಭಾಗ ಕೂರಿಸುತ್ತದೆ. ಸೆಮೆಂಜಾ ತಂಡ 2007ರಲ್ಲಿ ಇದನ್ನು ಬರೆದಿದೆ. ಇದೆಲ್ಲದರ ನಡುವೆ ಕೆಂಪು ಕಣ ಬಲಿಯುವಾಗ ತನ್ನ ಮೈಟೊಕಾಂಡ್ರಿಯಾವನ್ನೇ ಬಿಟ್ಟುಕೊಡುತ್ತದೆ. ಆಮ್ಲಜನಕ ಹೊತ್ತು ಎಲ್ಲರಿಗೂ ಬಡಿಸುತ್ತದೆ, ತಾನು ಒಂದಿಷ್ಟೂ ಬಳಸುವುದಿಲ್ಲ. ಅಪ್ಪಯ್ಯನಿಗೆ ಇದನ್ನು ಹೇಳಿದಾಗ ಅವರು ಏನೂ ಅನ್ನಲಿಲ್ಲ, ತುಂಬ ಹೊತ್ತು ಕಿಟಕಿ ಕಡೆ ನೋಡುತ್ತಿದ್ದರು.

ಮೂರು ತಿಂಗಳಿಗೆ 10.1 ಬಂತು. ಬ್ರಿಡ್ಜ್ ನಿಲ್ಲದೆ ಹತ್ತುತ್ತಾರೆ. ಎಲ್ಲರಿಗೂ ಈ ಮಾತ್ರೆ ಆಗುತ್ತದೆ ಅಂತಲ್ಲ, ನೀವಾಗಿಯೇ ತಗೊಳ್ಳಬೇಡಿ, ಬಿಪಿ, ಕಬ್ಬಿಣದ ಮಟ್ಟ ನೋಡಿಕೊಂಡು ಡಾಕ್ಟರೇ ಹೇಳಬೇಕು. ಹಿಫ್ ಉಳಿದರೆ ಹೊಸ ರಕ್ತನಾಳಗಳನ್ನೂ ಬೆಳೆಸಬಲ್ಲದು. ಹುಟ್ಟಿನಿಂದಲೇ ವಿಎಚ್‌ಎಲ್ ಕೆಟ್ಟವರಲ್ಲಿ ರಕ್ತನಾಳ ತುಂಬಿದ ಗಡ್ಡೆಗಳು ಏಳುವುದು ಇದೇ ಕಾರಣಕ್ಕೆ. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆಯೂ ಇದೆ, ಅದರಲ್ಲಿ ಕಣ್ಣೊಳಗೆ ಹೊಸ ರಕ್ತನಾಳ ಬೆಳೆದರೆ ದೃಷ್ಟಿಗೆ ತೊಂದರೆ, ಹಾಗಾಗಿ ಕಣ್ಣಿನ ಪರೀಕ್ಷೆ ಎಷ್ಟು ತಿಂಗಳಿಗೊಮ್ಮೆ ಮಾಡಿಸಬೇಕು ಅಂತ ಸೋಮವಾರ ಡಾಕ್ಟರ ಹತ್ತಿರ ಕೇಳಬೇಕು. ಫೈಲಿನ ಮೇಲೆ ಬರೆದು ಇಟ್ಟಿದ್ದೇನೆ.