ಬೆಳಿಗ್ಗೆ ಐದಕ್ಕೆ ಏಳಲೇಬೇಕಾ?

ಆಫೀಸು, ಮನೆ, ಇಬ್ಬರು ಮಕ್ಕಳು, ಇದರ ಮಧ್ಯೆ ಒಂದಿಷ್ಟು ಬರವಣಿಗೆ. ಇದನ್ನು ನೋಡಿದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ನೀವು ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಿ?" ಆರೂ ಕಾಲಿಗೆ ಅಂದರೆ ಅವರ ಮುಖ ಸಪ್ಪಗಾಗುತ್ತದೆ. ನಾಲ್ಕೂವರೆ ಅನ್ನುತ್ತೇನೆ ಅಂತ ಕಾದಿರುತ್ತಾರೆ. ಆಮೇಲೆ ಎರಡನೇ ಪ್ರಶ್ನೆ ಬರುತ್ತದೆ: "ಐದಕ್ಕೆ ಏಳೋ ಅಭ್ಯಾಸ ಮಾಡ್ಕೋಬೇಕು ಅಂತಿದೀನಿ, ಏನು ಮಾಡ್ಲಿ?"

ಏಳುವ ಸಮಯವನ್ನು ಮೊದಲೇ ಗೊತ್ತು ಮಾಡಬೇಡಿ ಅನ್ನುವುದು ನನ್ನ ಉತ್ತರ. ಪ್ರತಿ ಮನೆಯ ಬೆಳಗಿನಲ್ಲೂ ಯಾರು ಏನೇ ಮಾಡಿದರೂ ಅಲ್ಲಾಡದ ಒಂದು ಹೊತ್ತು ಇರುತ್ತದೆ. ಅದನ್ನು ಹಿಡಿದುಕೊಂಡು ಹಿಂದಕ್ಕೆ ಎಣಿಸಿ.

ಮೈಸೂರಿನ ನಮ್ಮ ಮನೆಯಲ್ಲಿ ಆ ಹೊತ್ತು 7.50, ಶಾಲೆ ವ್ಯಾನು ಬರುವ ಸಮಯ. ಡ್ರೈವರ್ ಎರಡು ಸಲ ಹಾರ್ನ್ ಹೊಡೆಯುತ್ತಾರೆ. ಮೂರನೆಯದು ಇಲ್ಲ, ಹೊರಟೇಬಿಡುತ್ತಾರೆ. ಅಲ್ಲಿಂದ ಹಿಂದಕ್ಕೆ ಬನ್ನಿ. ಸಾಕ್ಸಿನ ಜೋಡಿ, ಐಡಿ ಕಾರ್ಡು ಹುಡುಕಲು ಹತ್ತು ನಿಮಿಷ. ಮಕ್ಕಳು ತಿಂಡಿ ತಿನ್ನಲು ಇಪ್ಪತ್ತು. ತಿಂಡಿ ಮಾಡಿ ಡಬ್ಬಿ ಕಟ್ಟಲು ಮುಕ್ಕಾಲು ಗಂಟೆ. ಅಲ್ಲಿಗೆ 6.35 ಆಯಿತು. ಅದಕ್ಕೆ ಮುಂಚಿನ ಇಪ್ಪತ್ತು ನಿಮಿಷ ನನ್ನದು. ಆರೂ ಕಾಲು ಬಂದದ್ದು ಹೀಗೆ.

ಆ ಇಪ್ಪತ್ತು ನಿಮಿಷದಲ್ಲಿ ನಾನು ಮಾಡುವುದು ಒಂದೇ ಕೆಲಸ. ಹಿಂದಿನ ರಾತ್ರಿಯೇ ಫಿಲ್ಟರಿಗೆ ಪುಡಿ ಹಾಕಿ, ಬಿಸಿನೀರು ಸುರಿದು ಮುಚ್ಚಿಟ್ಟಿರುತ್ತೇನೆ. ಬೆಳಿಗ್ಗೆ ಹಾಲು ಕಾಯಿಸಿದರೆ ಸಾಕು. ಲೋಟ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತು, ನೋಟ್‌ಬುಕ್ಕಿನಲ್ಲಿ ಒಂದು ಪುಟ ಬರೆಯುತ್ತೇನೆ. ಫೋನು ಒಳಗೇ ಇರುತ್ತದೆ. ನೀರು ಬಿಡುವ ದಿನವಾದರೆ ಒಂದು ಕಿವಿ ಸಂಪಿನ ಕಡೆ. ಧ್ಯಾನ, ಸೂರ್ಯ ನಮಸ್ಕಾರ, ವಾಕಿಂಗ್, ಡೈರಿ, ನೆನೆಸಿದ ಬಾದಾಮಿ, ನಿಂಬೆಹಣ್ಣಿನ ಬಿಸಿನೀರು ಅಂತ ಹೇಳುತ್ತಾರಲ್ಲ, ಅದೆಲ್ಲ ಸೇರಿದರೆ ಒಂದೂವರೆ ಗಂಟೆ ಬೇಕು. ನನ್ನ ಹತ್ತಿರ ಇಲ್ಲ. ಒಂದನ್ನು ಇಟ್ಟುಕೊಂಡೆ, ಉಳಿದದ್ದನ್ನು ಬಿಟ್ಟೆ.

ಇನ್ನು ಯಾರೂ ಕೇಳದ, ಆದರೆ ಕೇಳಲೇಬೇಕಾದ ವಿಷಯ. ನೀವು ಧ್ಯಾನಕ್ಕೆ ಕೂತಾಗ ಕುಕ್ಕರ್ ಇಡೋರು ಯಾರು? ದೊಡ್ಡವರ ದಿನಚರಿಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ. ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಬೆಳಿಗ್ಗೆ ಐದಕ್ಕೆ ಏಳುತ್ತಿದ್ದ. ಸರಿ, ಆದರೆ ಅವನನ್ನು ದಿನಾ ಎಬ್ಬಿಸುತ್ತಿದ್ದವನು ಮಾರ್ಟಿನ್ ಲಾಂಪೆ ಅನ್ನುವ ಆಳು. ಎಷ್ಟೇ ಬೇಡಿಕೊಂಡರೂ ಮಲಗಲು ಬಿಡಬೇಡ ಅಂತ ಅವನಿಗೆ ಅಪ್ಪಣೆಯಾಗಿತ್ತು. ಕಾಂಟ್‌ಗೆ ಹೆಂಡತಿ ಮಕ್ಕಳಿಲ್ಲ, ಡಬ್ಬಿ ಕಟ್ಟುವ ಗೋಜಿಲ್ಲ. ಬೆಳಗಿನ ತಿಂಡಿಯೂ ಇಲ್ಲ, ತೆಳ್ಳನೆ ಟೀ ಮತ್ತು ಒಂದು ಪೈಪ್ ತಂಬಾಕು, ಅಷ್ಟೇ. ಆ ಲಾಂಪೆ ಎಷ್ಟು ಗಂಟೆಗೆ ಏಳುತ್ತಿದ್ದ ಅಂತ ಯಾರೂ ಕೇಳುವುದಿಲ್ಲ ನೋಡಿ.

ಹಾಗಾಗಿ ನನ್ನನ್ನು ಕೇಳುವ ಹೆಂಗಸರಿಗೆ ಅಲಾರಂ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಹೇಳುವುದು, ಒಂದು ಕೆಲಸ ಬೇರೆಯವರ ಕೈಗೆ ಕೊಡಿ. ನಮ್ಮಲ್ಲಿ ಮಕ್ಕಳ ಸ್ನಾನ ನಮ್ಮ ಯಜಮಾನರದು. ಅವರು ಸರಿಯಾಗಿ ತಲೆ ಒರೆಸುವುದಿಲ್ಲ ಅನ್ನೋದು ನಿಜ. ಆದರೆ ನಾನು ಹೋಗಿ ಮತ್ತೆ ಒರೆಸುವುದಿಲ್ಲ. ಹಾಗೆ ಒರೆಸಲು ಹೋದರೆ ನಾಳೆಯಿಂದ ಸ್ನಾನವೂ ನನ್ನ ಪಾಲಿಗೇ ಬರುತ್ತದೆ.

ಇನ್ನು ಮಲಗುವ ವಿಷಯ. ಗಾಂಧೀಜಿಯವರ ಸಾಬರಮತಿ ಆಶ್ರಮದಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಏಳಬೇಕಿತ್ತು ಅಂತ ಎಲ್ಲರೂ ಹೇಳುತ್ತಾರೆ. ಅದೇ ವೇಳಾಪಟ್ಟಿಯಲ್ಲಿ ರಾತ್ರಿ ಒಂಬತ್ತಕ್ಕೆ ಮಲಗುವ ಗಂಟೆಯೂ ಇತ್ತು. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ದೊಡ್ಡವರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು. ರಾತ್ರಿ ಹನ್ನೆರಡರ ತನಕ ಫೋನು ಉಜ್ಜುತ್ತಾ ಕೂತು ಐದಕ್ಕೆ ಎದ್ದರೆ ಅದು ಶಿಸ್ತಲ್ಲ, ನಿದ್ದೆಗೇಡು. ಸಂಜೆ ಕಾಫಿಯದೂ ಅದೇ ಕಥೆ. ಆರಕ್ಕೆ ಕುಡಿದ ಕಾಫಿಯ ಕೆಫೀನ್ ಹನ್ನೊಂದರ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಮೈಯಲ್ಲೇ ಇರುತ್ತದೆ. ನಿದ್ದೆ ಬರಲ್ಲ ಅನ್ನುವವರು ಅದನ್ನು ಮಧ್ಯಾಹ್ನಕ್ಕೆ ತಂದು ನೋಡಿ.

ಬ್ರಾಹ್ಮೀ ಮುಹೂರ್ತದ ಮಾತೂ ಬರುತ್ತದೆ. ಅದು ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಇರುವ ಹೊತ್ತು. ಗಡಿಯಾರದ ಸಮಯವಲ್ಲ, ಸೂರ್ಯನ ಜೊತೆ ಸರಿಯುವಂಥದ್ದು. ಜೂನ್ ಮೊದಲಲ್ಲಿ ಮೈಸೂರಿನಲ್ಲಿ ಆರಕ್ಕೆ ಸ್ವಲ್ಪ ಮುಂಚೆ ಬೆಳಗಾಗುತ್ತದೆ, ಆಗ ಅದು ಸುಮಾರು 4.20ಕ್ಕೆ. ಜನವರಿ ಕೊನೆಯಲ್ಲಿ ಸೂರ್ಯ 6.45 ದಾಟಿದ ಮೇಲೆ ಬರುತ್ತಾನೆ, ಆಗ ಅದು ಐದು ದಾಟಿ ಶುರುವಾಗುತ್ತದೆ. ಪಾಲಿಸುವವರು ಖಂಡಿತ ಪಾಲಿಸಲಿ. ವರ್ಷಪೂರ್ತಿ ಒಂದೇ ಅಲಾರಂ ಇಟ್ಟು ಅದರ ಹೆಸರು ಹೇಳುವುದರಲ್ಲಿ ಅರ್ಥವಿಲ್ಲ.

ಎಲ್ಲರ ಮೈಯೂ ಒಂದೇ ಥರ ಇರುವುದಿಲ್ಲ. ಕೆಲವರಿಗೆ ಹುಟ್ಟಾ ಬೇಗ ಎಚ್ಚರ, ಕೆಲವರಿಗೆ ರಾತ್ರಿಯೇ ಚುರುಕು. ವಯಸ್ಸಿಗೆ ತಕ್ಕಂತೆಯೂ ಬದಲಾಗುತ್ತದೆ. ಹದಿಹರೆಯದಲ್ಲಿ ನಿದ್ದೆ ಬರುವ ಹೊತ್ತೇ ಮುಂದಕ್ಕೆ ಹೋಗುತ್ತದೆ, ಮೇಲಾಗಿ ಅವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. "ಏಳೋ, ಸೂರ್ಯ ನೆತ್ತಿಗೆ ಬಂದ" ಅಂತ ಪಿಯುಸಿ ಹುಡುಗನಿಗೆ ಬೈಯುವ ಮೊದಲು ಇದನ್ನೂ ನೆನಪಿಟ್ಟುಕೊಳ್ಳಿ. ಪಕ್ಕದ ಮನೆಯಾಕೆ ನರ್ಸು. ನೈಟ್ ಡ್ಯೂಟಿ ಮುಗಿಸಿ ಒಂಬತ್ತಕ್ಕೆ ಮನೆಗೆ ಬರುತ್ತಾಳೆ. "ಅಕ್ಕ, ನನ್ನ ಬೆಳಿಗ್ಗೆ ಮಧ್ಯಾಹ್ನ ನಾಲ್ಕಕ್ಕೆ" ಅನ್ನುತ್ತಾಳೆ. ಕಿಟಕಿಗೆ ದಪ್ಪನೆ ಕಪ್ಪು ಪರದೆ ಹಾಕಿದ್ದಾಳೆ, ಬೆಲ್ಲಿನ ಸ್ವಿಚ್ ಆರಿಸಿ ಮಲಗುತ್ತಾಳೆ. ನಾಲ್ಕಕ್ಕೆ ಎದ್ದು ನೇರ ಟೆರೇಸಿಗೆ ಹೋಗಿ ಬಿಸಿಲಲ್ಲಿ ಟೀ ಕುಡಿಯುತ್ತಾಳೆ. ಬೆಳಕು ಕಣ್ಣಿಗೆ ಬಿದ್ದರೆ ಮೈಯ ಗಡಿಯಾರ ಎಚ್ಚರವಾಗುತ್ತದೆ, ಅದು ಅವಳಿಗೆ ಗೊತ್ತು. ಐದಕ್ಕೆ ಏಳುವ ಎಷ್ಟೋ ಜನರಿಗಿಂತ ಇವಳ ದಿನಚರಿ ಅಚ್ಚುಕಟ್ಟು.

21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತೆ ಅಂತಾರಲ್ಲ, ಅದನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಸರಾಸರಿ 66 ದಿನ ಬೇಕು ಅಂತ ಲೆಕ್ಕ ಸಿಕ್ಕಿತು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನವೂ ಬೇಕಾಗಬಹುದು. ನನಗೆ ಅದರಲ್ಲಿ ಇಷ್ಟವಾದ ಸಂಗತಿ ಬೇರೆ: ನಡುವೆ ಒಂದು ದಿನ ತಪ್ಪಿದರೆ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲವಂತೆ. ಮನೆಗೆ ನೆಂಟರು ಬಂದ ಮರುದಿನ ನಾನು ಒಂದಕ್ಷರ ಬರೆಯುವುದಿಲ್ಲ, ಅದಕ್ಕೆ ಬೇಜಾರೂ ಇಲ್ಲ.

ಭಾನುವಾರ ಏನು ಮಾಡ್ತೀರಿ ಅಂತಲೂ ಕೇಳುತ್ತಾರೆ. ಏಳಕ್ಕೆ ಏಳುತ್ತೇನೆ. ಹತ್ತರ ತನಕ ಮಲಗಿದರೆ ಆ ರಾತ್ರಿ ನಿದ್ದೆ ಹತ್ತಿರ ಸುಳಿಯುವುದಿಲ್ಲ, ಸೋಮವಾರ ಇಡೀ ತೂಕಡಿಕೆ. ಅವತ್ತು ವ್ಯಾನೂ ಇಲ್ಲ, ಡಬ್ಬಿಯೂ ಇಲ್ಲ. ಕಾಫಿ ಯಜಮಾನರದು, ಸ್ವಲ್ಪ ನೀರುನೀರಾಗಿರುತ್ತದೆ.