ತೊಂಬತ್ತು ನಿಮಿಷದ ಪಾಠ: ರಷ್ಯನ್ ಮಾತಾಡುವವರಿಗೆ ಪ್ರಯಾಣದ ಇಂಗ್ಲಿಷ್

ರಷ್ಯಾದ ಕಾಲೇಜುಗಳಲ್ಲಿ ಒಂದು ಪಾಠದ ಅವಧಿಗೆ ‘ಪಾರಾ’ ಅನ್ನುತ್ತಾರೆ. 45 ನಿಮಿಷದ ಎರಡು ತರಗತಿ ಬೆನ್ನುಬೆನ್ನಿಗೆ, ಒಟ್ಟು 90 ನಿಮಿಷ. ಕೆಲಸ ಮುಗಿಸಿ ಸಂಜೆ ಇಂಗ್ಲಿಷ್ ಕಲಿಯಲು ಬರುವ ದೊಡ್ಡವರ ತರಗತಿಗೂ ಇದೇ ಲೆಕ್ಕ ಹೊಂದುತ್ತದೆ. ಕಜಾನ್ ಊರಿನಲ್ಲಿ ನಡೆದ ಅಂಥದೊಂದು ಸಂಜೆಯ ಪಾಠ ಇದು. ವಿಷಯ ಪ್ರಯಾಣ ಮತ್ತು ವಾಹನ. ಕಲಿಯುವವರು ಶಾಲೆಯಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಓದಿ, ಮಾತಾಡುವ ಅವಕಾಶ ಸಿಗದೆ ಉಳಿದವರು.

ಕಜಾನ್ ವೋಲ್ಗಾ ದಂಡೆಯ ಊರು, ತತಾರ್‌ಸ್ತಾನದ ರಾಜಧಾನಿ, ಮಾಸ್ಕೋದಿಂದ ಪೂರ್ವಕ್ಕೆ ಸುಮಾರು 800 ಕಿಲೋಮೀಟರು. ವೈದ್ಯಕೀಯ ಓದಲು ಭಾರತದಿಂದ ಹೋಗುವವರಿಗೆ ಪರಿಚಿತ ಜಾಗ. ಬಸ್ಸು, ಟ್ರಾಮು, ಟ್ರಾಲಿಬಸ್ಸು ಎಲ್ಲ ಓಡಾಡುತ್ತವೆ. ಊರಿನ ಸಾವಿರ ವರ್ಷದ ಆಚರಣೆಗೆಂದು 2005ರಲ್ಲಿ ತೆರೆದ ಮೆಟ್ರೊದಲ್ಲಿ ನಿಲ್ದಾಣದ ಹೆಸರನ್ನು ರಷ್ಯನ್, ತತಾರ್, ಇಂಗ್ಲಿಷ್ ಮೂರರಲ್ಲೂ ಹೇಳುತ್ತಾರೆ. ಅಂದರೆ ಪ್ರಯಾಣದ ಇಂಗ್ಲಿಷ್ ಅಲ್ಲಿಯವರ ಕಿವಿಗೆ ದಿನಾ ಬೀಳುತ್ತಿರುತ್ತದೆ. ಆದರೂ ಬಾಯಿಗೆ ಬರುವುದಿಲ್ಲ. ಇದಕ್ಕೆ ಪದ ಗೊತ್ತಿಲ್ಲದಿರುವುದು ಕಾರಣವಲ್ಲ. ಪಠ್ಯಪುಸ್ತಕಗಳು ಈ ವಿಷಯಕ್ಕೆ ವಾಹನಗಳ ಉದ್ದ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಅವರು ಎಡವುವುದು ಆ ಪಟ್ಟಿಯಲ್ಲಿಲ್ಲದ ಕಡೆ.

ಪಾಠದ ಮೊದಲ ಹತ್ತು ನಿಮಿಷದಲ್ಲೇ ಇದು ಗೊತ್ತಾಗುತ್ತದೆ. ನಿಮಗೆ ಆಗಲೇ ಗೊತ್ತಿರುವ ಪದಗಳನ್ನು ಹೇಳಿ ಅಂದರೆ ಬೋರ್ಡು ತುಂಬುತ್ತದೆ: ಅವ್ತೋಬುಸ್, ತ್ರಮ್ವಾಯ್, ತಕ್ಸೀ, ಮೆತ್ರೋ, ಪಸ್ಪೋರ್ತ್, ಬಗಾಷ್, ಪ್ಲತ್‌ಫೋರ್ಮಾ. ಅರ್ಧಕ್ಕರ್ಧ ಎರಡೂ ಭಾಷೆಯಲ್ಲಿ ಒಂದೇ ಬೇರಿನವು. ಇವಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡಬಾರದು. ಅದೇ ಬೋರ್ಡಿನ ಬಲಗಡೆ, ಇಂಗ್ಲಿಷಿನಂತೆ ಕಂಡು ಮೋಸಮಾಡುವ ನಾಲ್ಕೈದು ಪದ ಬರೆದರೆ ಸಾಕು. ‘ಮಶೀನಾ’ ಅಂದರೆ ಅವರಿಗೆ ಕಾರು. ಹಾಗಾಗಿ ಕಾರು ಕೆಟ್ಟಾಗ ‘ಮೈ ಮಶೀನ್’ ಅಂತ ಹೇಳಿ ಕೇಳುವವರನ್ನು ಗೊಂದಲಕ್ಕೆ ದೂಡುತ್ತಾರೆ. ‘ಪ್ರಸ್ಪೇಕ್ತ್’ ಅಂದರೆ ಅಗಲವಾದ ದೊಡ್ಡ ರಸ್ತೆ, ಇಂಗ್ಲಿಷಿನಲ್ಲಿ ಅದು ಅವೆನ್ಯೂ. ‘ಎಲೆಕ್ತ್ರೀಚ್ಕಾ’ ಅಂದರೆ ಊರ ಸುತ್ತಮುತ್ತ ಓಡುವ ಲೋಕಲ್ ರೈಲು. ಅದನ್ನು ‘ಎಲೆಕ್ಟ್ರಿಕ್ ಟ್ರೇನ್’ ಅಂದರೆ ತಪ್ಪಲ್ಲ, ಆದರೆ ಕೇಳಿದವರಿಗೆ ಅದು ಯಾವ ರೈಲು ಅಂತ ತಿಳಿಯುವುದಿಲ್ಲ. ‘ಸಬರ್ಬನ್ ಟ್ರೇನ್’ ಅನ್ನಬೇಕು. ‘ವಗ್ಜಾಲ್’ ದೊಡ್ಡ ರೈಲು ನಿಲ್ದಾಣ, ‘ಅಸ್ತನೋವ್ಕಾ’ ಬಸ್ಸು ನಿಲ್ಲುವ ಜಾಗ. ಮೊದಲನೆಯದಕ್ಕೆ ಸ್ಟೇಷನ್, ಎರಡನೆಯದಕ್ಕೆ ಸ್ಟಾಪ್. ಇದನ್ನು ಅದಲುಬದಲು ಮಾಡಿ ದಾರಿ ಕೇಳಿದರೆ ಬಸ್ ಸ್ಟಾಪು ಹುಡುಕುವವರು ಊರಾಚೆಯ ಬಸ್ ಸ್ಟೇಷನ್ನಿಗೆ ಹೋಗಿ ನಿಲ್ಲಬೇಕಾಗುತ್ತದೆ.

ಇನ್ನು ತೊಡಕಿನ ಜಾಗ. ಕನ್ನಡದಲ್ಲಿ ನಡೆದರೂ ‘ಹೋಗು’, ಬಸ್ಸು ಹತ್ತಿದರೂ ‘ಹೋಗು’. ಇಂಗ್ಲಿಷಿನಲ್ಲೂ ‘ಗೋ’ ಹಾಗೆಯೇ. ರಷ್ಯನ್‌ನಲ್ಲಿ ಹಾಗಲ್ಲ. ಕಾಲ್ನಡಿಗೆಯಲ್ಲಿ ಹೋಗುವುದು ‘ಇತ್ತೀ’, ವಾಹನದಲ್ಲಿ ಹೋಗುವುದು ‘ಯೇಖತ್’, ಹಾರಿಹೋಗುವುದಕ್ಕೆ ಬೇರೆ, ನೀರಿನ ಮೇಲೆ ಸಾಗುವುದಕ್ಕೆ ಬೇರೆ. ಇವುಗಳಲ್ಲೂ ಒಂದು ದಿಕ್ಕಿಗೆ ಈಗ ಹೊರಟಿರುವುದಕ್ಕೆ ಒಂದು ಕ್ರಿಯಾಪದ, ದಿನಾ ಹೋಗಿಬಂದು ಮಾಡುವುದಕ್ಕೆ ಇನ್ನೊಂದು. ಇಷ್ಟು ಸೂಕ್ಷ್ಮಕ್ಕೆ ಒಗ್ಗಿದವರಿಗೆ ಬರೀ ‘ಗೋ’ ಅಂದರೆ ಏನೋ ಬಿಟ್ಟುಹೋದಂತೆ ಅನಿಸುತ್ತದೆ. ಆ ಕೊರತೆ ತುಂಬಲು ‘ಡ್ರೈವ್’ ಸೇರಿಸುತ್ತಾರೆ. ಹಿಂದಿನ ಸೀಟಿನಲ್ಲಿ ಕೂತು ಟ್ಯಾಕ್ಸಿಯಲ್ಲಿ ಬಂದವರು ‘ಐ ಡ್ರೋವ್ ಬೈ ಟ್ಯಾಕ್ಸಿ’ ಅನ್ನುತ್ತಾರೆ. ಸ್ಟಿಯರಿಂಗ್ ಹಿಡಿದವರು ಮಾತ್ರ ‘ಡ್ರೈವ್’, ಸೈಕಲ್ಲಿಗೆ ‘ರೈಡ್’, ಕೂತು ಬಂದವರಿಗೆ ‘ಟೇಕ್’ ಅಥವಾ ‘ಗೋ ಬೈ’. ಈ ಮೂರನ್ನು ಬಿಡಿಸಿ ಹೇಳಿದ ಮೇಲೆ ಬಾಯಿಪಾಠ ಬೇಡ, ಕುರ್ಚಿ ಬೇಕು.

ಕುರ್ಚಿ ಅಭ್ಯಾಸ ಹೀಗೆ. ತರಗತಿಯ ಒಂದು ಮೂಲೆಯಲ್ಲಿ ನಾಲ್ಕು ಕುರ್ಚಿ ಎರಡೆರಡಾಗಿ ಹಾಕಿದರೆ ಕಾರು. ಇನ್ನೊಂದು ಕಡೆ ಎಂಟು ಕುರ್ಚಿ, ನಡುವೆ ಓಡಾಡಲು ಜಾಗ ಬಿಟ್ಟರೆ ಬಸ್ಸು. ಒಬ್ಬರು ಕಾರ್ಡು ಎತ್ತಿ ವಾಹನದ ಹೆಸರು ಹೇಳುತ್ತಾರೆ, ಇನ್ನೊಬ್ಬರು ಮಾಡುತ್ತಾ ಹೇಳಬೇಕು: ಕಾರಿಗೆ ‘ಗೆಟ್ ಇನ್’, ಇಳಿಯಲು ‘ಗೆಟ್ ಔಟ್ ಆಫ್’, ಬಸ್ಸು, ರೈಲು, ವಿಮಾನಕ್ಕೆ ‘ಗೆಟ್ ಆನ್’, ಇಳಿಯಲು ‘ಗೆಟ್ ಆಫ್’. ನಿಯಮ ಮೈಯಿಂದಲೇ ಗೊತ್ತಾಗುತ್ತದೆ. ಒಳಗೆ ಎದ್ದು ನಿಂತು ನಡೆಯಲು ಆಗುವ ವಾಹನಕ್ಕೆ ‘ಆನ್’, ಬಗ್ಗಿ ಕೂರಬೇಕಾದದ್ದಕ್ಕೆ ‘ಇನ್’. ಹಡಗಿಗೆ ‘ಆನ್’, ಸಣ್ಣ ದೋಣಿಗೆ ‘ಇನ್’. ಸೈಕಲ್ಲು, ಕುದುರೆ ಮೇಲೆ ಕಾಲು ಹಾಕಿ ಕೂರುವುದರಿಂದ ಮತ್ತೆ ‘ಆನ್’. ರಷ್ಯನ್‌ನಲ್ಲಿ ಬಸ್ಸಿನಲ್ಲಿ, ಕಾರಿನಲ್ಲಿ ಹೋಗುವುದಕ್ಕೆ ಎರಡಕ್ಕೂ ‘ನಾ’ ಅನ್ನುವ ‘ಮೇಲೆ’ ಅರ್ಥದ ಪದವೇ ಬರುತ್ತದೆ. ಹಾಗಾಗಿ ‘ಆನ್ ದ ಕಾರ್’ ಅಂತ ಅಭ್ಯಾಸಬಲದಿಂದ ಬಾಯಿಗೆ ಬರುತ್ತದೆ. ಕೇಳುವವರಿಗೆ ಅವರು ಕಾರಿನ ಛಾವಣಿ ಮೇಲೆ ಕೂತಂತೆ ಕಾಣುತ್ತದೆ. ತಪ್ಪಿದಾಗಲೆಲ್ಲ ಎದ್ದು ಮತ್ತೆ ಹತ್ತಬೇಕು. ಕೂತಲ್ಲೇ ತಿದ್ದಿಸಿದ್ದು ಮರುದಿನಕ್ಕೆ ಉಳಿಯುವುದಿಲ್ಲ. ಈ ಒಂದು ಅಭ್ಯಾಸಕ್ಕೆ ಇಪ್ಪತ್ತು ನಿಮಿಷ ಕೊಟ್ಟರೂ ಹೆಚ್ಚಲ್ಲ.

ಇದರ ಜೊತೆಗೇ ‘ಬೈ’ ಬರುತ್ತದೆ. ರಷ್ಯನ್‌ನಲ್ಲಿ ‘ಎ’, ‘ದ’ ಅನ್ನುವ ಉಪಪದಗಳಿಲ್ಲ, ಕನ್ನಡದಲ್ಲೂ ಇಲ್ಲ. ಆದರೆ ಶಾಲೆಯಲ್ಲಿ ‘ದ’ ಬಿಡಬೇಡಿ ಅಂತ ಹೇಳಿಸಿಕೊಂಡವರು ‘ಬೈ ದ ಬಸ್’ ಅನ್ನುತ್ತಾರೆ. ‘ಬೈ’ ನಂತರ ಬರೀ ವಾಹನದ ಹೆಸರು, ‘ಟೇಕ್’ ನಂತರ ‘ದ’ ಅಥವಾ ‘ಎ’. ನಡೆದು ಹೋಗುವುದಕ್ಕೆ ‘ಬೈ’ ಇಲ್ಲ, ‘ಆನ್ ಫುಟ್’. ತಲುಪುವುದಕ್ಕೆ ‘ಅರೈವ್ ಟು’ ಅನ್ನುವುದು ರಷ್ಯನ್‌ನಿಂದ ನೇರ ಬಂದ ತಪ್ಪು. ಊರಿಗೆ, ದೇಶಕ್ಕೆ ‘ಅರೈವ್ ಇನ್’, ನಿಲ್ದಾಣಕ್ಕೆ, ವಿಮಾನ ನಿಲ್ದಾಣಕ್ಕೆ ‘ಅರೈವ್ ಅಟ್’.

ವಿರಾಮದ ನಂತರ ಗಡಿಯಾರ. ಆ ಸಂಜೆ ಎಲ್ಲರೂ ಹೆಚ್ಚು ಚುರುಕಾದದ್ದು ಇಲ್ಲಿ. ರಷ್ಯನ್‌ನಲ್ಲಿ ಆರೂವರೆಗೆ ‘ಪೋಲ್ ಸಿದ್ಮೋವಾ’ ಅನ್ನುತ್ತಾರೆ, ಅಂದರೆ ಏಳನೆಯ ಗಂಟೆಯಲ್ಲಿ ಅರ್ಧ. ಬ್ರಿಟಿಷರು ಆಡುಮಾತಿನಲ್ಲಿ ‘ಹಾಫ್ ಸಿಕ್ಸ್’ ಅನ್ನುತ್ತಾರೆ, ಅವರಿಗೂ ಅದು ಆರೂವರೆ. ಲಂಡನ್ನಿನ ಹೋಟೆಲಿನಲ್ಲಿ ‘ಹಾಫ್ ಸಿಕ್ಸ್’ಗೆ ಟ್ಯಾಕ್ಸಿ ಅಂತ ಕೇಳಿಸಿಕೊಂಡ ರಷ್ಯನ್ ಐದೂವರೆಗೇ ಬಾಗಿಲಲ್ಲಿ ನಿಲ್ಲುತ್ತಾನೆ. ಇದರಿಂದ ಬರೀ ಒಂದು ಗಂಟೆ ನಿದ್ದೆ ಹೋಯಿತು. ಆದರೆ ಅವನೇ ಆರೂವರೆ ಅನ್ನಲು ‘ಹಾಫ್ ಸೆವೆನ್’ ಅಂದರೆ ಟ್ಯಾಕ್ಸಿ ಬರುವುದು ಏಳೂವರೆಗೆ, ವಿಮಾನ ಹೋಗಿರುತ್ತದೆ. ಕನ್ನಡಿಗರಿಗೆ ‘ಆರೂವರೆ’ ಇರುವುದರಿಂದ ಈ ಸಮಸ್ಯೆ ಹೊಳೆಯುವುದೇ ಇಲ್ಲ. ಕಲಿಸುವವರು ಕನ್ನಡದವರಾದರೆ ಇದನ್ನು ನೆನಪಿಟ್ಟು ಹೇಳಿಕೊಡಬೇಕು. ಪ್ರಯಾಣದ ಸಮಯವನ್ನು ಅರ್ಧ, ಕಾಲು ಅನ್ನದೆ ಅಂಕಿಯಲ್ಲೇ ಹೇಳುವುದು ನಮ್ಮ ಸಲಹೆ: ‘ಸಿಕ್ಸ್ ಥರ್ಟಿ’.

ಸಮಯದ ಇನ್ನೊಂದು ಗಂಟು ಟಿಕೇಟಿನಲ್ಲಿದೆ. ರಷ್ಯಾದಲ್ಲಿ 11 ಕಾಲವಲಯಗಳಿವೆ. ಆದರೂ ದೂರದ ರೈಲಿನ ಟಿಕೇಟುಗಳಲ್ಲಿ ಬಹುಕಾಲ ಮಾಸ್ಕೋ ಸಮಯವನ್ನೇ ಅಚ್ಚು ಹಾಕುತ್ತಿದ್ದರು. 2018ರ ಆಗಸ್ಟ್ 1ರಿಂದ ಸ್ಥಳೀಯ ಸಮಯ ಬಂತು. ಕಜಾನ್‌ನಲ್ಲಿ ಮಾಸ್ಕೋ ಸಮಯವೇ, ಓಮ್ಸ್ಕ್‌ನಲ್ಲಿ ಅದಕ್ಕಿಂತ 3 ಗಂಟೆ ಮುಂದೆ. ಹಾಗಾಗಿ ‘ಈಸ್ ದಟ್ ಲೋಕಲ್ ಟೈಮ್?’ ಅನ್ನುವ ಪ್ರಶ್ನೆ ಇವರಿಗೆ ತಾನಾಗಿ ಬರುತ್ತದೆ, ಹೊರದೇಶದ ವಿಮಾನಗಳಿಗೂ ಅದು ಉಪಯೋಗ.

ಪ್ರಶ್ನೆ ಕೇಳುವುದಕ್ಕೆ ಜೋಡಿ ಕಾರ್ಡು ಮಾಡಿದ್ದೆವು. ಒಬ್ಬರ ಕೈಯಲ್ಲಿ ರೈಲಿನ ವೇಳಾಪಟ್ಟಿ, ಅದರಲ್ಲಿ ಹೊರಡುವ ಸಮಯ, ಪ್ಲಾಟ್‌ಫಾರ್ಮು ಖಾಲಿ. ಇನ್ನೊಬ್ಬರ ಕೈಯಲ್ಲಿ ಅದೇ ಪಟ್ಟಿ, ಅದರಲ್ಲಿ ತಲುಪುವ ಸಮಯ, ದರ ಖಾಲಿ. ಒಬ್ಬರ ಕಾರ್ಡು ಇನ್ನೊಬ್ಬರು ನೋಡುವಂತಿಲ್ಲ, ರಷ್ಯನ್ ಮಾತಾಡುವಂತಿಲ್ಲ, ಕೇಳಿಯೇ ತುಂಬಬೇಕು. ರಷ್ಯನ್‌ನಲ್ಲಿ ‘ಹೌದು, ಇಲ್ಲ’ ಉತ್ತರದ ಪ್ರಶ್ನೆಗೆ ಪದಗಳ ಜಾಗ ಬದಲಾಗಬೇಕಿಲ್ಲ, ದನಿ ಏರಿಸಿದರೆ ಸಾಕು. ಅದನ್ನೇ ಇಂಗ್ಲಿಷಿಗೆ ತಂದು ‘ದಿಸ್ ಟ್ರೇನ್ ಗೋಸ್ ಟು ಮಾಸ್ಕೋ?’ ಅನ್ನುತ್ತಾರೆ. ಅರ್ಥವಾಗುತ್ತದೆ, ಆದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ರಷ್ಯಾದ ಶಾಲೆ ಮುಗಿಸುವ ರಾಜ್ಯ ಪರೀಕ್ಷೆಯ ಮಾತಿನ ಭಾಗದಲ್ಲಿ ಒಂದು ಜಾಹೀರಾತು ನೋಡಿ ಪ್ರಶ್ನೆ ಕೇಳುವ ಕೆಲಸವಿದೆ. ಒಂದೊಂದು ಪ್ರಶ್ನೆಗೆ 20 ಸೆಕೆಂಡು. ಅವಧಿ, ಹೊರಡುವ ಜಾಗ, ದರ, ರಿಯಾಯಿತಿ ಇಂಥವನ್ನು ನೇರ ಪ್ರಶ್ನೆಯಾಗಿ ಕೇಳಬೇಕು. ಪ್ರವಾಸದ ಪಾಠ ಅಲ್ಲಿಗೆ ನೇರ ಹೊಂದುತ್ತದೆ. ‘ಡಸ್ ದಿಸ್ ಟ್ರೇನ್ ಸ್ಟಾಪ್ ಅಟ್’, ‘ಹೌ ಲಾಂಗ್ ಡಸ್ ಇಟ್ ಟೇಕ್’, ‘ಡೂ ಐ ನೀಡ್ ಟು ಚೇಂಜ್’, ಈ ಮೂರು ಮೊದಲು ಗಟ್ಟಿಯಾಗಲಿ, ಉಳಿದವು ಇವುಗಳ ಮೇಲೆ ಕಟ್ಟಿದಂತೆ ಬರುತ್ತವೆ.

ರೈಲಿನ ಒಳಗಿನ ಪದಗಳಲ್ಲಿ ಕೆಲವಕ್ಕೆ ಇಂಗ್ಲಿಷಿನಲ್ಲಿ ಸಮನಾದದ್ದು ಇಲ್ಲ. ‘ಪ್ಲತ್ಸ್ಕಾರ್ತ್’ ಬೋಗಿಗೆ ಬಾಗಿಲಿನ ಕೋಣೆಗಳಿಲ್ಲ, ಸಾಮಾನ್ಯವಾಗಿ 54 ಮಲಗುವ ಜಾಗ. ನಮ್ಮ ಸ್ಲೀಪರ್ ಬೋಗಿಯನ್ನು ಕಂಡವರಿಗೆ ಥಟ್ಟನೆ ಗೊತ್ತಾಗುತ್ತದೆ, ಇಂಗ್ಲೆಂಡಿನವರಿಗೆ ವಿವರಿಸಿಯೇ ಹೇಳಬೇಕು: ‘ಓಪನ್ ಸ್ಲೀಪಿಂಗ್ ಕ್ಯಾರೇಜ್’. ನಾಲ್ಕು ಜನದ ಕೋಣೆಗಳಿರುವ ‘ಕುಪೇ’ ಬೋಗಿಯಲ್ಲಿ 36. ಬೋಗಿ ಬಾಗಿಲಲ್ಲಿ ಪಾಸ್‌ಪೋರ್ಟು ನೋಡಿ, ಹಾಸಿಗೆ ಬಟ್ಟೆ ಕೊಟ್ಟು, ಚಹಾ ತಂದುಕೊಡುವ ‘ಪ್ರವದ್ನೀಕ್’ನನ್ನು ಕಂಡಕ್ಟರ್ ಅನ್ನುವುದಕ್ಕಿಂತ ‘ಕ್ಯಾರೇಜ್ ಅಟೆಂಡೆಂಟ್’ ಅನ್ನುವುದು ಸರಿ.

ವಿಮಾನ ನಿಲ್ದಾಣದ ಭಾಗದಲ್ಲಿ ಎರಡು ಕಡೆ ಹುಷಾರು. ‘ಪಸಾದ್ಕಾ’ ಅಂದರೆ ಪ್ರಯಾಣಿಕರು ಹತ್ತುವುದೂ ಹೌದು, ವಿಮಾನ ಇಳಿಯುವುದೂ ಹೌದು. ಗೇಟಿನಲ್ಲಿ ‘ವೆನ್ ಈಸ್ ದ ಲ್ಯಾಂಡಿಂಗ್?’ ಅಂತ ಕೇಳುವವರಿಗೆ ಬೇಕಾದದ್ದು ‘ಬೋರ್ಡಿಂಗ್’ ಸಮಯ. ‘ರಿಗಿಸ್ತ್ರಾತ್ಸಿಯಾ’ ಇಲ್ಲಿ ‘ಚೆಕ್ ಇನ್’. ಎರಡನೆಯದು ತಪ್ಪಿಸಿಕೊಂಡ ವಿಮಾನ. ರಷ್ಯನ್‌ನಲ್ಲಿ ರೈಲಿಗೆ, ವಿಮಾನಕ್ಕೆ ‘ತಡವಾಗುವುದು’ ಅಂದರೆ ಅದು ಹೋಗೇಬಿಟ್ಟಿತು ಅಂತ ಅರ್ಥ. ‘ಐ ವಾಸ್ ಲೇಟ್ ಫಾರ್ ದ ಪ್ಲೇನ್’ ಅಂದರೆ ಇಂಗ್ಲಿಷಿನವರಿಗೆ ಓಡಿಹೋಗಿ ಹತ್ತಿದರೋ ಇಲ್ಲವೋ ತಿಳಿಯದು. ನಾವು ‘ರೈಲು ತಪ್ಪಿತು’ ಅನ್ನುವಂತೆ ಅವರು ‘ಮಿಸ್’ ಅನ್ನಬೇಕು. ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದ್ದರೆ ಕಾರಣವನ್ನೂ ಅದೇ ಉಸಿರಿನಲ್ಲಿ ಹೇಳಬೇಕು: ‘ಐ ಮಿಸ್ಡ್ ಮೈ ಕನೆಕ್ಷನ್ ಬಿಕಾಸ್ ಮೈ ಫಸ್ಟ್ ಫ್ಲೈಟ್ ವಾಸ್ ಡಿಲೇಡ್’. ತಪ್ಪು ಯಾರದು ಅನ್ನುವುದರ ಮೇಲೆ ಬದಲಿ ಟಿಕೇಟಿಗೆ ದುಡ್ಡು ಕೊಡಬೇಕೋ ಬೇಡವೋ ನಿಲ್ಲುತ್ತದೆ, ಆದ್ದರಿಂದ ಈ ವಾಕ್ಯವನ್ನು ಇಡಿಯಾಗಿ ಹತ್ತಾರು ಸಲ ಹೇಳಿಸುವುದರಲ್ಲಿ ಅರ್ಥವಿದೆ.

ಉಚ್ಚಾರಣೆಗೆ ಕೊನೆಗೆ ಹದಿನೈದು ನಿಮಿಷ. ರಷ್ಯನ್‌ನಲ್ಲಿ ಪದದ ಕೊನೆಯ ಗ್, ಬ್, ಡ್ ತಾವಾಗಿ ಕ್, ಪ್, ಟ್ ಆಗುತ್ತವೆ. ‘ಬ್ಯಾಗ್’ ಅವರ ಬಾಯಲ್ಲಿ ‘ಬೆಕ್’, ‘ಕ್ಯಾಬ್’ ‘ಕೆಪ್’. ಬ್ಯಾಗು ಕಳೆದುಹೋಗಿದೆ ಅನ್ನುವ ದೂರಿನಲ್ಲಿ ಮುಖ್ಯ ಪದವೇ ತಿಳಿಯದಂತಾಗುತ್ತದೆ. ಬರೀ ‘ಗ್’ ಒತ್ತಿ ಹೇಳಿಸಿದರೆ ಬರುವುದಿಲ್ಲ. ಮುಂದಿನ ಸ್ವರಕ್ಕೆ ಅಂಟಿಸಿ ‘ಬ್ಯಾಗಿಸ್ ಮಿಸಿಂಗ್’ ಅಂತ ಒಂದೇ ಪದದಂತೆ ಹೇಳಿಸಬೇಕು, ಅದರ ಹಿಂದಿನ ಸ್ವರವನ್ನು ಎಳೆಯಿಸಬೇಕು. ಇಂಗ್ಲಿಷ್ ಕಿವಿ ಗ್ ಮತ್ತು ಕ್ ಬೇರೆ ಮಾಡುವುದು ಆ ಎಳೆತದಿಂದಲೂ ಹೌದು. ಕನ್ನಡಿಗರು ‘ಬ್ಯಾಗು’ ಅಂತ ಕೊನೆಗೆ ಉಕಾರ ಹಚ್ಚುವುದರಿಂದ ‘ಗ್’ ನಮ್ಮಲ್ಲಿ ಉಳಿಯುತ್ತದೆ. ಹ್ರಸ್ವ ದೀರ್ಘವೂ ನಮಗೆ ಹುಟ್ಟಿನಿಂದ ಗೊತ್ತು, ‘ಶಿಪ್’, ‘ಶೀಪ್’ ಬೇರೆ ಮಾಡಲು ಕಷ್ಟವಿಲ್ಲ. ರಷ್ಯನ್‌ನಲ್ಲಿ ಸ್ವರದ ಉದ್ದದಿಂದ ಅರ್ಥ ಬದಲಾಗುವುದಿಲ್ಲವಾದ್ದರಿಂದ ‘ಸಿಟ್’, ‘ಸೀಟ್’ ಒಂದೇ ಆಗುತ್ತವೆ. ತುಟಿ ದುಂಡಾಗಿಸಿ ಹೇಳುವ ‘ವ’ ಮತ್ತು ಹಲ್ಲಿಗೆ ತುಟಿ ತಾಗಿಸುವ ‘ವ’ದಲ್ಲಿ ಮಾತ್ರ ಅವರಿಗೂ ನಮಗೂ ಒಂದೇ ತೊಂದರೆ. ಕನ್ನಡದ ಮೇಷ್ಟ್ರು ಅದನ್ನು ಕಲಿಸುವಾಗ ರೆಕಾರ್ಡಿಂಗ್ ಹಾಕುವುದು ಒಳ್ಳೆಯದು. ಗೇಟಿನ ಸಂಖ್ಯೆ 13 ಅಥವಾ 30 ಅಂತ ಸಂಶಯ ಬಂದರೆ ‘ಒನ್ ತ್ರೀ?’, ‘ತ್ರೀ ಜೀರೋ?’ ಅಂತ ಒಂದೊಂದೇ ಅಂಕಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ಮನೆಗೆ ಕೊಟ್ಟದ್ದು 20 ಕಾರ್ಡು. ಯಾವುದರಲ್ಲೂ ಒಂಟಿ ಪದವಿಲ್ಲ, ಎಲ್ಲ ಕ್ರಿಯಾಪದದೊಂದಿಗೆ: ‘ಮಿಸ್ ಎ ಟ್ರೇನ್’, ‘ಚೇಂಜ್ ಅಟ್’, ‘ಗೆಟ್ ಆಫ್ ಅಟ್ ದ ನೆಕ್ಸ್ಟ್ ಸ್ಟಾಪ್’. ಹಿಂಬದಿಯಲ್ಲಿ ರಷ್ಯನ್ ಅನುವಾದದ ಬದಲು ಸನ್ನಿವೇಶ: ‘ನಿಮ್ಮ ರೈಲು ಐದು ನಿಮಿಷದ ಹಿಂದೆ ಹೊರಟಿತು, ಕೌಂಟರಿನಲ್ಲಿ ಏನು ಹೇಳುತ್ತೀರಿ?’. ಅನುವಾದ ಬರೆದರೆ ‘ತಡವಾಯಿತು’ ಮತ್ತೆ ‘ಲೇಟ್’ ಆಗುತ್ತದೆ. ಮರುದಿನ, ಮೂರನೇ ದಿನ, ಏಳನೇ ದಿನ ನೋಡಬೇಕು. ತಪ್ಪಿದ ಕಾರ್ಡು ಮೊದಲ ದಿನದ ಕಟ್ಟಿಗೆ ವಾಪಸ್ಸು. ಏಳನೇ ದಿನವೂ ಜಾರುವುದು ಸಾಮಾನ್ಯವಾಗಿ ‘ಗೆಟ್ ಇನ್’, ‘ಗೆಟ್ ಆನ್’ ಕಾರ್ಡುಗಳೇ. ಹಾಗಾಗಿ ಮುಂದಿನ ಪಾಠದ ಮೊದಲ ಐದು ನಿಮಿಷ ಮತ್ತೆ ಕುರ್ಚಿಗಳಿಗೆ.